ಭಾನುವಾರ ಮಿಷಿನ್ ಬಂದ್

ಅವನಿಗೂ ಒಂದು ಹೆಸರಿತ್ತು. ಗುರುತಿನ ಚೀಟಿಯಲ್ಲಿ ಅಚ್ಚಾಗಿತ್ತು, ಮದುವೆ ಕಾಗದದಲ್ಲೂ ಇತ್ತು. ಆದರೆ ಬಾಯಿಬಿಟ್ಟು ಆ ಹೆಸರನ್ನು ಕೂಗಿದವರೇ ಇಲ್ಲ. ಇಪ್ಪತ್ತನೇ ವಯಸ್ಸಿಗೆ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಕೆಲಸಕ್ಕೆ ಸೇರಿ ಆಪರೇಟರ್ ಆದ. ಆಮೇಲೆ ಟಾಕೀಸು ಮುಚ್ಚಿತು, ಅದನ್ನು ಕೆಡವಿ ಆ ಜಾಗದಲ್ಲಿ ಏಳು ಮಹಡಿಯ ಕಚೇರಿ ಕಟ್ಟಡ ಎಬ್ಬಿಸಿದರು. ಅದರ ಲಿಫ್ಟು ಓಡಿಸುವ ಕೆಲಸ ಇವನಿಗೇ ಸಿಕ್ಕಿತು. ಅಲ್ಲೂ ಆಪರೇಟರೇ. ಕೆಲಸ ಬದಲಾಯಿತು, ಸಂಬಳ ಬದಲಾಯಿತು, ಹೆಸರು ಮಾತ್ರ ಅಂಟಿಕೊಂಡಿದ್ದು ಅಂಟಿಕೊಂಡೇ ಉಳಿಯಿತು.

ಟಾಕೀಸಿನಲ್ಲಿದ್ದಾಗ ಜನ ಅವನನ್ನು ನೆನೆಯುತ್ತಿದ್ದದ್ದು ರೀಲು ತುಂಡಾದಾಗ ಮಾತ್ರ. ಕತ್ತಲಲ್ಲಿ ಆರುನೂರು ಗಂಟಲು ಒಟ್ಟಿಗೆ, "ಲೇ ಆಪರೇಟರ್, ಸತ್ತೋದ್ಯೇನೋ!" ಸಿನಿಮಾ ಸರಿಯಾಗಿ ಓಡಿದ ದಿನ ಅವನು ಇದ್ದಾನೋ ಇಲ್ಲವೋ ಯಾರಿಗೂ ಬೇಕಿರಲಿಲ್ಲ. ಲಿಫ್ಟಿನಲ್ಲಂತೂ ಅಷ್ಟೂ ಇಲ್ಲ. ಒಳಗೆ ಬಂದವರು ಅವನ ಮುಖ ನೋಡದೆ "ನಾಲ್ಕು" ಅನ್ನುತ್ತಾರೆ, "ಆರು" ಅನ್ನುತ್ತಾರೆ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಬರೀ ಅಂಕಿ ಹೇಳುವವರಿಗೆ ಏನು ಅನ್ನಬೇಕು? ಅವನು ಗುಂಡಿ ಒತ್ತುತ್ತಾನೆ, ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಯಾವುದೋ ಸಿನಿಮಾದ ಹಿನ್ನೆಲೆ ಸಂಗೀತ ಹೊರಡಿಸುತ್ತಾನೆ. ಏಳನೇ ಮಹಡಿಯ ದೊಡ್ಡ ಮ್ಯಾನೇಜರ್ ಹತ್ತಿದರೆ ಖಳನಾಯಕ ಬರುವಾಗಿನ ಡೋಲು. ಕೆಲಸ ಕೇಳಿಕೊಂಡು ಬಂದವರು ಹತ್ತಿದರೆ ಒಂಟಿ ಪಿಟೀಲು. ಯಾರೂ ಗಮನಿಸುವುದಿಲ್ಲ.

ಭಾನುವಾರ ಮಾತ್ರ ಅವನೇ ಬೇರೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವನ ಮನೆಯ ಮುಂದಿನ ಕೋಣೆಯಲ್ಲಿ ಕೂಟ ಸೇರುತ್ತದೆ. ಒಟ್ಟು ನಾಲ್ಕು ಜನ, ಹತ್ತೊಂಬತ್ತು ವರ್ಷದಿಂದ ಅದೇ ನಾಲ್ಕು ಜನ. ಸಿನಿಮಾದ ಹಾಡು ಇವರಿಗೆ ಆಗುವುದಿಲ್ಲ. ಹಾಡು ಕೇಳುವವರು ಹುಲುಮಾನವರು, ತಾವು ಕೇಳುವುದು ಹಾಡಿಲ್ಲದ ಸಂಗೀತ. ಬಾಗಿಲು ತೆರೆಯುವಾಗ, ಮಳೆ ಬರುವಾಗ, ನಾಯಕನ ಅಮ್ಮ ಸಾಯುವಾಗ ಹಿಂದಿನಿಂದ ಬರುತ್ತದಲ್ಲ, ಅದು. ಕೂಟದಲ್ಲಿ ಯಾರಾದರೂ ಮೈಮರೆತು ಒಂದು ಹಾಡು ಗುನುಗಿಬಿಟ್ಟರೆ ಎದ್ದುಹೋಗಿ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ ಬರಬೇಕು. ಹಾಗಂತ ಕಾನೂನು. ಮತ್ತೊಂದು ಕಾನೂನು, ಹೊಸದಾಗಿ ಬಂದ ಸಂಗೀತವನ್ನು ಯಾರೂ ಮುಂಚೆ ಕದ್ದು ಕೇಳುವಂತಿಲ್ಲ. ಲಕೋಟೆ ಒಡೆಯುವುದು ಕೂಟದಲ್ಲೇ.

ಕೂಟದ ಯಜಮಾನಿಕೆ ಮೇಷ್ಟ್ರದು. ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸಲು ಕಲಿಸುವವರು. ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕೂತು, ಯಾರಾದರೂ ಜಾಸ್ತಿ ಮಾತಾಡಿದರೆ ಅವರ ಬಲಗಾಲು ತಾನಾಗೇ ಬ್ರೇಕು ತುಳಿಯುತ್ತದೆ. ಎರಡನೆಯವನು ಕನ್ನಡಕದ ಅಂಗಡಿಯವನು. ಯಾವುದನ್ನೂ ತಾನಾಗಿ ಚೆನ್ನಾಗಿದೆ ಅನ್ನುವವನಲ್ಲ, ಎರಡನ್ನು ಎದುರಿಗಿಟ್ಟು "ಇದು ಸ್ಪಷ್ಟವಾಗಿದೆಯಾ, ಇದಾ?" ಅಂತ ಕೇಳುವವನು. ಮೂರನೆಯವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಅವನಿಗೆ ಲೋಕದಲ್ಲಿರುವ ಸಂಗೀತವನ್ನೆಲ್ಲ ಒಂದೊಂದು ಗೂಡಿಗೆ ಹಾಕದಿದ್ದರೆ ಚಹಾ ಇಳಿಯುವುದಿಲ್ಲ.

"ಇಲ್ಲಿ ಟ್ರಂಪೆಟ್ಟು ಸೂಚನೆ ಕೊಡದೆ ತಿರುಗಿಬಿಡ್ತು" ಅನ್ನುತ್ತಾರೆ ಮೇಷ್ಟ್ರು, ಕಣ್ಣು ಮುಚ್ಚಿಕೊಂಡು. "ಮೊದಲು ಕೈ ತೋರಿಸ್ಬೇಕು, ಆಮೇಲೆ ತಿರುಗ್ಬೇಕು. ಇವನಿಗೆ ಲೈಸೆನ್ಸ್ ಕೊಟ್ಟೋರ್ಯಾರು?"

"ಇದು ಕಣ್ಣೀರಿನ ಗೂಡಿಗೆ, ಮೇಷ್ಟ್ರೇ" ಅನ್ನುತ್ತಾನೆ ಅಂಚೆಯವನು.

"ಯಾವ ಕಣ್ಣೀರು? ತಾಯಿ ಕಣ್ಣೀರೋ, ಪ್ರೇಯಸಿ ಕಣ್ಣೀರೋ? ಹೇಳಿ, ಇದಾ? ಇದಾ?"

ಹೀಗೆ ಎರಡು ತಾಸು. ಹೊಟ್ಟೆಗೆ ಹಿಟ್ಟು ಹುಟ್ಟಿಸದ, ಯಾರಿಗೂ ಕೂದಲಿನಷ್ಟೂ ಉಪಯೋಗವಿಲ್ಲದ ಮಾತು. ಆದರೆ ಅವರ ಗಾಂಭೀರ್ಯ ನೋಡಿದರೆ ದೇಶದ ಗಡಿ ಇಲ್ಲೇ ಗುರುತು ಹಾಕುತ್ತಿದ್ದಾರೆ ಅನ್ನಿಸಬೇಕು.

ಇಂಥವರು ಈ ಆಪರೇಟರನ ಮನೆಯನ್ನೇ ಹುಡುಕಿಕೊಂಡು ಬರಲು ಕಾರಣ ಒಂದು ಟೇಪು. ಹಿಂದೆ ಟಾಕೀಸಿಗೆ ಒಂದು ಚಿತ್ರ ಬಂದಿತ್ತು. ಒಂಬತ್ತೇ ದಿನ ಓಡಿತು. ನೋಡಿದವರು ಕಡಿಮೆ, ಬೈದವರು ಜಾಸ್ತಿ. ಕೂಟದವರು ಅದನ್ನು ಕರೆಯುವುದೇ 'ಒಂಬತ್ತು ದಿನ' ಅಂತ. ಅದರ ಸಂಗೀತದ ಗ್ರಾಮಫೋನ್ ತಟ್ಟೆ ಹೊರಬರಲೇ ಇಲ್ಲ. ರೀಲುಗಳೂ ಎಲ್ಲೋ ಗೋದಾಮಿನಲ್ಲಿ ಸುಟ್ಟುಹೋದವು ಅಂತ ಸುದ್ದಿಯಾಯಿತು. ಉಳಿದದ್ದು ಒಂದೇ. ಕೊನೆಯ ದಿನ ನಮ್ಮ ಆಪರೇಟರು ಪ್ರೊಜೆಕ್ಟರಿನ ಗರಗರ ಬೀಳದಿರಲಿ ಅಂತ ಉದ್ದದ ವೈರು ಎಳೆದು, ರೀಲು ಸುತ್ತುವ ಕೋಣೆಯಲ್ಲಿ ಸ್ಪೀಕರ್ ಇಟ್ಟು, ಅದರ ಬಾಯಿಗೆ ಟೇಪ್ ರೆಕಾರ್ಡರ್ ಹಿಡಿದು ತುಂಬಿಸಿಕೊಂಡ ಒಂದು ಕ್ಯಾಸೆಟ್ಟು.

ಆ ಟೇಪಿನ ಪ್ರಾಣ ಇರುವುದು ನಾಲ್ಕನೇ ರೀಲಿನಲ್ಲಿ. ನಾಯಕ ಎಷ್ಟೋ ವರ್ಷಕ್ಕೆ ಮನೆಗೆ ಬರುತ್ತಾನೆ, ಬಾಗಿಲಿಗೆ ಬೀಗ. ಒಂದು ಪಿಟೀಲು ಅಳುತ್ತದೆ. ಅದರ ಕೆಳಗೆ, ತುಂಬ ಕೆಳಗೆ, ಟಕ ಟಕ ಟಕ ಟಕ ಅಂತ ಒಂದು ಸದ್ದು. ಹೋಗುತ್ತ ಹೋಗುತ್ತ ಥಟ್ಟನೆ ನಿಲ್ಲುತ್ತದೆ. ಮೂರು ಉಸಿರಿನಷ್ಟು ಏನೂ ಇಲ್ಲ. ಮತ್ತೆ ಟಕ ಟಕ ಟಕ. ಇದಕ್ಕೆ ಮೇಷ್ಟ್ರು 'ನಿಂತ ಹೆಜ್ಜೆ' ಅಂತ ಹೆಸರಿಟ್ಟರು. "ಆ ಮೂರು ಉಸಿರಲ್ಲಿ ಇಡೀ ಮನುಷ್ಯಜನ್ಮ ಇದೆ ಕಣ್ರಯ್ಯಾ" ಅಂದರು. ಅಂಚೆಯವನು ಅದಕ್ಕೊಂದು ಪ್ರತ್ಯೇಕ ಗೂಡು ಮಾಡಿದ, ಆ ಗೂಡಿನಲ್ಲಿ ಬೇರೇನನ್ನೂ ಇಡುವುದಿಲ್ಲ. ತಿಂಗಳಿಗೊಮ್ಮೆ ಅದನ್ನು ಹಾಕಿ ನಾಲ್ವರೂ ಕಣ್ಣು ಮುಚ್ಚಿ ತಲೆ ಆಡಿಸುತ್ತಾರೆ. ಹಾಕಿದ ದಿನ ಮೇಷ್ಟ್ರು ಹೊರಡುವಾಗ ಆಪರೇಟರನ ಹೆಗಲು ತಟ್ಟಿ, "ಇದನ್ನ ಉಳಿಸಿದೋರು ನೀವು" ಅನ್ನುತ್ತಾರೆ. ಆ ಒಂದು ಮಾತಿನ ಮೇಲೆ ಅವನು ವಾರವಿಡೀ ಏಳು ಮಹಡಿ ಹತ್ತಿ ಇಳಿಯುತ್ತಾನೆ.

ಮನೆಯಲ್ಲಿ ಐದನೆಯ ಜೀವ ಒಂದಿದೆ, ಹೆಂಡತಿ. ಅವಳು ಹೊಲಿಗೆಯವಳು. ಮುಂದಿನ ಕೋಣೆಗೂ ಅವಳ ಹೊಲಿಗೆ ಕೋಣೆಗೂ ನಡುವೆ ಒಂದು ಹಲಗೆ ಗೋಡೆ, ಒಂದು ಪರದೆ. ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಕಿಟಕಿ ಪರದೆ, ಏನು ಕೊಟ್ಟರೂ ಹೊಲಿಯುತ್ತಾಳೆ. ಮಿಷಿನ್ನು ಅವಳು ಮದುವೆಯಲ್ಲಿ ತಂದದ್ದು, ಕಾಲಲ್ಲಿ ತುಳಿಯುವಂಥದ್ದು. ಮೋಟಾರು ಹಾಕಿಸು ಅಂದವರಿಗೆ "ನನ್ನ ಕಾಲಿಗೇನು ರೋಗ ಬಂದಿದೆ?" ಅಂತ ಕೇಳಿದ್ದಾಳೆ. ಪೆಡಲಿನ ಕಂಬಿ ಸವೆದು ಸಡಿಲವಾಗಿದೆ, ತುಳಿದಾಗೆಲ್ಲ ಸದ್ದು ಮಾಡುತ್ತದೆ.

ಆ ಸದ್ದು ಕೂಟಕ್ಕೆ ಆಗದು. ಮೊದಲನೇ ವಾರವೇ ಮೇಷ್ಟ್ರು ಬ್ರೇಕು ತುಳಿದು, "ಏನಮ್ಮಾ, ಎರಡು ತಾಸು ಅದನ್ನ ನಿಲ್ಲಿಸೋಕಾಗುತ್ತಾ? ಇಲ್ಲಿ ಕೇಳೋ ಕೆಲಸ ನಡೀತಿದೆ" ಅಂದಿದ್ದರು. ಆಪರೇಟರು ಒಳಗೆ ಹೋಗಿ, "ನಿಲ್ಸೇ ಮಾರಾಯ್ತಿ, ಮರ್ಯಾದೆ ಹೋಗುತ್ತೆ" ಅಂದಿದ್ದ. ಅಂದಿನಿಂದ ಭಾನುವಾರ ಹತ್ತಕ್ಕೆ ಮಿಷಿನ್ ಬಂದ್. ಅವಳು ಅಡುಗೆಮನೆಯಲ್ಲಿ ಕೂತು ಕೈಯಲ್ಲೇ ಗುಂಡಿ ಹಾಕುತ್ತಾಳೆ, ಕಾಜಾ ಹೊಲಿಯುತ್ತಾಳೆ, ನಡುವೆ ನಾಲ್ಕು ಲೋಟ ಚಹಾ ಪರದೆಯ ಕೆಳಗಿಂದ ತಳ್ಳುತ್ತಾಳೆ. ಹತ್ತೊಂಬತ್ತು ವರ್ಷ. ಒಂದು ದಿನವಾದರೂ "ಅಮ್ಮಾ, ನೀನೂ ಬಂದು ಕೂತ್ಕೋ" ಅಂದ ಪುಣ್ಯಾತ್ಮ ಇಲ್ಲ. ಆಪರೇಟರಿಗೂ ತೋಚಲಿಲ್ಲ.

ಹೀಗಿರುವಾಗ ಸಿಡಿಲು ಬಡಿಯಿತು. ಆ ಚಿತ್ರಕ್ಕೆ ಸಂಗೀತ ಮಾಡಿದಾತ ತೀರಿಕೊಂಡ ಮೇಲೆ ಅವನ ಮಗಳು ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಮೂಲ ಧ್ವನಿಮುದ್ರಣವೇ ಸಿಕ್ಕಿತಂತೆ. ಯಾವುದೋ ಕಂಪನಿ ಅದನ್ನು ತಟ್ಟೆ ಮಾಡಿ ಹೊರಗೆ ಬಿಟ್ಟಿತು. ಅಂಚೆಯವನು ತರಿಸಿ, ಲಕೋಟೆ ಒಡೆಯದೆ ಆಪರೇಟರನ ಕೈಗೆ ಕೊಟ್ಟ. "ಭಾನುವಾರದವರೆಗೆ ನಿಮ್ಮ ಹತ್ರ ಇರ್ಲಿ. ನಿಮ್ಮ ಮೇಲೆ ನಂಬಿಕೆ."

ಅಷ್ಟು ಸಾಲದು ಅಂತ ಮೇಷ್ಟ್ರು ರೇಡಿಯೋಕ್ಕೆ ಕಾಗದ ಬರೆದಿದ್ದರು. ಅವರ ಹತ್ತಿರ ಕಾರು ಕಲಿತವನೊಬ್ಬ ಅಲ್ಲಿ ಕೆಲಸಕ್ಕಿದ್ದ. ಮೊದಲು ಟೇಪು, ಆಮೇಲೆ ಮೂಲ, ಎರಡನ್ನೂ ಕೇಳಿ ಕೂಟ ಆಡುವ ಮಾತನ್ನು ಮುದ್ರಿಸಿಕೊಳ್ಳಲು ಅವನೇ ಬರುವುದೆಂದು ನಿಶ್ಚಯವಾಯಿತು.

"ನಿಮ್ಮ ಪೂರ್ತಿ ಹೆಸರು ಬರೆದುಕೊಟ್ಟಿದ್ದೀನಿ ಆಪರೇಟ್ರೇ" ಅಂದರು ಮೇಷ್ಟ್ರು. "ರೇಡಿಯೋದಲ್ಲಿ ಹೇಳ್ತಾರೆ. ಈ ಟೇಪನ್ನ ಉಳಿಸಿಕೊಟ್ಟ ಶ್ರೀಯುತ ಇಂಥವರು ಅಂತ."

ಶ್ರೀಯುತ! ಆ ವಾರ ಲಿಫ್ಟಿನಲ್ಲಿ "ನಾಲ್ಕು" ಅಂದವರಿಗೆ ಮನಸ್ಸಿನಲ್ಲೇ ಉತ್ತರ ಕೊಟ್ಟ: ಕೇಳ್ತೀರಿ, ಮಕ್ಳಾ, ಕೇಳ್ತೀರಿ.

ಶನಿವಾರ ಮಧ್ಯಾಹ್ನ ರಜೆ. ಊಟವಾದ ಮೇಲೆ ಲಕೋಟೆ ಅವನನ್ನೇ ನೋಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕಾನೂನು ಮುರಿದವನಲ್ಲ. ಕೆಟಲಿನ ಹಬೆಗೆ ಹಿಡಿದು ಅಂಟು ಬಿಡಿಸಿದ. ತಟ್ಟೆ ಹಾಕಿ, ನೇರ ನಾಲ್ಕನೇ ರೀಲಿನ ಜಾಗಕ್ಕೆ ಹೋದ. ಪಿಟೀಲು ಎದ್ದಿತು. ಎಂಥ ಸ್ವಚ್ಛ! ಕಣ್ಣು ಮುಚ್ಚಿದ. ಅದರ ಕೆಳಗೆ, ಆಹಾ, ಟಕ ಟಕ ಟಕ ಟಕ.

ಎದೆ ಹೂವಾಯಿತು. ಇದೆ, ಮೂಲದಲ್ಲೂ ಇದೆ. ಇನ್ನು ನಿಲ್ಲಬೇಕು. ಈಗ ನಿಲ್ಲಬೇಕು. ನಿಲ್ಲಲಿಲ್ಲ. ಪಿಟೀಲು ನಿಂತ ಹೆಜ್ಜೆಯ ಜಾಗ ದಾಟಿ ಮುಂದೆ ಹೋಯಿತು, ಟಕ ಟಕ ನಡೆದೇ ಇತ್ತು. ಆಮೇಲೆ ಎಲ್ಲೋ ಸಂಬಂಧವಿಲ್ಲದ ಕಡೆ ಥಟ್ಟನೆ ನಿಂತಿತು. ಜೊತೆಗೆ ಹಲಗೆ ಗೋಡೆಯಾಚೆಯಿಂದ ಹೆಂಡತಿಯ ದನಿ: "ಥತ್, ಬಾಬಿನ್ ಖಾಲಿ."

ಆಪರೇಟರು ಕಣ್ಣು ಬಿಟ್ಟ. ಪಿಟೀಲು ಒಂಟಿಯಾಗಿ ಅಳುತ್ತಿತ್ತು. ಕೆಳಗೆ ಏನೂ ಇಲ್ಲ. ಮೂರು ಉಸಿರಾಯಿತು. ಆಚೆ ದಾರ ಸುತ್ತಿದ ಹೊಸ ಬಾಬಿನ್ ಕೂತ ಕಟ್ ಸದ್ದು. ಮತ್ತೆ ಟಕ ಟಕ ಟಕ.

ಎದ್ದು ಪರದೆ ಸರಿಸಿದ. ಅವಳು ಆಸ್ಪತ್ರೆಯ ಹಾಸಿಗೆಗಳ ನಡುವೆ ಇಳಿಬಿಡುವ ಹಸಿರು ಪರದೆಗಳ ರಾಶಿಯಲ್ಲಿ ಕುತ್ತಿಗೆಯವರೆಗೂ ಮುಳುಗಿದ್ದಳು. ಅರವತ್ತು ಪರದೆ, ಸೋಮವಾರ ಬೆಳಗ್ಗೆ ಕೊಡಬೇಕಾದದ್ದು.

"ಸ್ವಲ್ಪ ನಿಲ್ಸು" ಅಂದ.

ನಿಲ್ಲಿಸಿದಳು.

"ಈಗ ತುಳಿ."

"ರೀ, ಮೈಗೆ ಹುಷಾರಿದೆ ತಾನೇ?"

"ತುಳಿಯೇ ಅಂದ್ರೆ!"

ತುಳಿದಳು. ಅವನು ಅಲ್ಲೇ ಕುಸಿದು ಪರದೆಯ ರಾಶಿಯ ಮೇಲೆ ಕೂತ. ಕಣ್ಣ ಮುಂದೆ ರೀಲು ಹಿಂದಕ್ಕೆ ಸುತ್ತಿತು. ರೀಲಿನ ಕೋಣೆ. ಅದರ ಪಕ್ಕದಲ್ಲೇ ಮರದ ಅಡ್ಡಗೋಡೆ. ಗೋಡೆಯಾಚೆ ಟಾಕೀಸಿನ ಹರಿದ ಸೀಟುಗಳಿಗೆ ಕವರು ಹೊಲಿಯುತ್ತಿದ್ದ ಹೊಸ ಹೆಂಡತಿ. ಪ್ರೊಜೆಕ್ಟರಿನ ಗರಗರ ಬೀಳಬಾರದು ಅಂತ ವೈರು ಎಳೆದವನಿಗೆ, ಅವಳ ಮಿಷಿನ್ ಬೀಳಬಹುದು ಅನ್ನುವುದು ತಲೆಗೇ ಬಂದಿರಲಿಲ್ಲ. ಗಂಡನ ಕಿವಿ ಅಂದರೆ ಅದು. ಆಮೇಲಾದರೂ ಗೊತ್ತಾಗಬೇಕಿತ್ತು. ಆದರೆ ಹೇಗೆ ಗೊತ್ತಾಗುತ್ತದೆ? ಟೇಪು ಹಾಕಿದಾಗೆಲ್ಲ ಮಿಷಿನ್ ಬಂದ್. ಎರಡನ್ನೂ ಒಟ್ಟಿಗೆ ಕೇಳಿದ ದಿನವೇ ಇಲ್ಲ. ಮಿಷಿನ್ನಿನ ಸದ್ದನ್ನು ತನ್ಮಯರಾಗಿ ಕೇಳಬೇಕು ಅಂತ ನಾಲ್ಕು ಜನ ಸೇರಿ ಹತ್ತೊಂಬತ್ತು ವರ್ಷ ಮಿಷಿನ್ನು ನಿಲ್ಲಿಸಿದ್ದರು.

"ಆ ಟೇಪಲ್ಲಿರೋದು ನೀನು ಕಣೇ" ಅಂದ.

"ಅಯ್ಯೋ, ಈಗ ಗೊತ್ತಾಯ್ತಾ?" ಅಂದಳು ಅವಳು, ಬಟ್ಟೆಯಿಂದ ಕಣ್ಣೆತ್ತದೆ.

"ನಿನಗೆ… ಮುಂಚೆನೇ ಗೊತ್ತಿತ್ತಾ?"

"ಮೊದಲನೇ ವಾರನೇ. ನನ್ನ ಮಿಷಿನ್ನು ನನಗೆ ಗೊತ್ತಾಗಲ್ವಾ? ಆ ನಿಲ್ಲೋದು ಇದೆಯಲ್ಲ, ಮೇಷ್ಟ್ರು ಉಸಿರು ಬಿಗಿ ಹಿಡೀತಾರಲ್ಲ, ಅದು ಬಾಬಿನ್ ಬದಲಾಯಿಸಿದ್ದು."

"ಮತ್ತೆ ಹೇಳ್ಬಾರದಿತ್ತೇನೇ!"

"ನೀವ್ಯಾರಾದ್ರೂ ಕೇಳಿದ್ರಾ? ಮೊದಮೊದಲು ಮೈ ಉರೀತಿತ್ತು. ಆಮೇಲೆ ಅಡುಗೆಮನೆ ಸಂದಿಯಿಂದ ನೋಡ್ದೆ. ನಾಲ್ಕು ಗಂಡಸರು ಕಣ್ಮುಚ್ಕೊಂಡು ನನ್ನ ಬಾಬಿನ್ನಿಗೆ ತಲೆ ಆಡಿಸ್ತಾ ಇದ್ದೀರಿ. ಇಂಥ ತಮಾಷೆ ಕಾಸು ಕೊಟ್ರೂ ಸಿಗಲ್ಲ ಅಂತ ಸುಮ್ನಿದ್ದೆ."

ಅವನಿಗೆ ನಗುವ ಸ್ಥಿತಿ ಇರಲಿಲ್ಲ. ನಾಳೆ ಮೂಲ ಕೇಳಿದ ಕೂಡಲೇ ಹೆಜ್ಜೆ ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಟೇಪು ಕಸವಾಗುತ್ತದೆ. ರೇಡಿಯೋದವನ ಎದುರೇ. ಶ್ರೀಯುತ ಮಣ್ಣುಪಾಲು. ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ಇಂಥ ಉಪಾಯ ಇಂಥವರಿಗೇ ಹೊಳೆಯಬೇಕು.

"ನಾಳೆ ನೀನು ಹೊಲೀಬೇಕು" ಅಂದ. "ಸ್ಪೀಕರನ್ನ ಈ ಹಲಗೆಗೆ ಒತ್ತಿ ಇಡ್ತೀನಿ. ಮೂಲದ ತಟ್ಟೆಯಲ್ಲಿ ಪಿಟೀಲು ಎದ್ದಾಗ ಎರಡು ಸಲ ಕೆಮ್ತೀನಿ, ನೀನು ಶುರು ಮಾಡು. ಮತ್ತೊಂದ್ಸಲ ಕೆಮ್ಮಿದ್ರೆ ನಿಲ್ಸು. ಅಷ್ಟೇ. ಮೂಲದಲ್ಲೂ ಇದೆ ಅಂತಾಗುತ್ತೆ."

ಅವಳು ಮೊದಲ ಸಲ ತುಳಿಯುವುದನ್ನು ತಾನಾಗಿ ನಿಲ್ಲಿಸಿದಳು. "ಹತ್ತೊಂಬತ್ತು ವರ್ಷ ನಿಲ್ಸು ಅಂದ್ರಿ. ನಾಳೆ ಒಂದಿನ ಹೊಲಿ ಅಂತೀರಿ. ಅದೂ ನಾನು ಹೊಲೀತಿದ್ದೀನಿ ಅಂತ ಯಾರಿಗೂ ಗೊತ್ತಾಗದ ಹಾಗೆ."

ಅವನು ತಲೆ ತಗ್ಗಿಸಿದ.

"ಹೊಲೀತೀನಿ. ನನಗೆ ಅರವತ್ತು ಪರದೆ ಮುಗೀಬೇಕು, ಅದಕ್ಕೆ. ನಿಮ್ಮ ಕೆಮ್ಮು ಗಿಮ್ಮು ನನಗೆ ಗೊತ್ತಿಲ್ಲ."

ಭಾನುವಾರ ಹತ್ತಕ್ಕೆ ಎಲ್ಲರೂ ಸೇರಿದರು. ಲಕೋಟೆಗೆ ಹೊಸ ಅಂಟು ಬಿದ್ದಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು, ರೇಡಿಯೋದಲ್ಲಿ ಅಂಗಿ ಕಾಣುವ ಹಾಗೆ. ರೇಡಿಯೋದವನು ಕಿವಿಗೆ ದೊಡ್ಡ ಹೆಡ್‌ಫೋನು ಏರಿಸಿ, ಮೈಕು ಮೇಜಿನ ಮೇಲಿಟ್ಟು, "ನೀವು ದಿನಾ ಮಾತಾಡೋ ಹಾಗೇ ಮಾತಾಡಿ" ಅಂದ. ಕೂಡಲೇ ಎಲ್ಲರೂ ಪುಸ್ತಕದ ಹಾಗೆ ಮಾತಾಡಲು ಹತ್ತಿದರು.

ಮೊದಲು ಟೇಪು. ಟಕ ಟಕ ನಡೆಯಿತು, ನಿಂತಿತು, ಮೇಷ್ಟ್ರು ಉಸಿರು ಬಿಗಿಹಿಡಿದರು, ಮತ್ತೆ ನಡೆಯಿತು. ಆಮೇಲೆ ಲಕೋಟೆ ಒಡೆದರು, ತಟ್ಟೆ ಹಾಕಿದರು. ಪಿಟೀಲು ಎದ್ದಿತು. ಆಪರೇಟರು ಎರಡು ಸಲ ಕೆಮ್ಮಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಲಗೆಯಿಂದ ಟಕಟಕಟಕಟಕಟಕ.

"ಇದೆ!" ಅಂದರು ಮೇಷ್ಟ್ರು. "ಇದೆ ನೋಡಿ! ಆದರೆ ಮೂಲದಲ್ಲಿ ವೇಗ ಜಾಸ್ತಿ."

"ಕೋಪ ಇದೆ ಮೇಷ್ಟ್ರೇ" ಅಂದ ಅಂಚೆಯವನು. "ಟೇಪಲ್ಲಿ ದುಃಖ, ಇದರಲ್ಲಿ ಕೋಪ. ಗೂಡು ಬದಲಾಯಿಸ್ಬೇಕಾಗುತ್ತೆ."

ಅರವತ್ತು ಪರದೆ ಮುಂದಿದ್ದವಳಿಗೆ ಕೋಪ ಬಾರದೆ ಏನು ಬಂದೀತು?

ನಿಲ್ಲುವ ಜಾಗ ಹತ್ತಿರ ಬಂತು. ಆಪರೇಟರು ಕೆಮ್ಮಿದ. ಅವಳು ಕ್ಯಾರೇ ಅನ್ನಲಿಲ್ಲ. ಇನ್ನೊಮ್ಮೆ ಕೆಮ್ಮಿದ, ಗಂಟಲು ಕಿತ್ತುಹೋಗುವ ಹಾಗೆ. "ಶ್ಶ್!" ಅಂದ ಕನ್ನಡಕದವನು. ಹೆಜ್ಜೆ ನಡೆದೇ ಇತ್ತು. ಆಮೇಲೆ ದಾರ ತುಂಡಾಯಿತು, ತಾನಾಗೇ ನಿಂತಿತು. ಪರದೆಯ ಹಿಂದಿನಿಂದ ಮೆಲ್ಲಗೆ, "ಥೂ, ದರಿದ್ರ ದಾರ" ಅಂತ ಕೇಳಿಸಿತು.

ಕನ್ನಡಕದವನು ಕಣ್ಣು ಮುಚ್ಚಿದ್ದವನು ಹಾಗೇ ಬೆರಳೆತ್ತಿದ. "ಹೆಂಗಸಿನ ದನಿ! ಟೇಪಲ್ಲಿ ಇದು ಇರ್ಲಿಲ್ಲ!"

"ಕೋರಸ್ಸು" ಅಂದರು ಮೇಷ್ಟ್ರು, ಗಂಭೀರವಾಗಿ. "ಟಾಕೀಸಿನ ಸ್ಪೀಕರಲ್ಲಿ ಕಳೆದುಹೋಗಿತ್ತು ಅಂತ ಕಾಣುತ್ತೆ."

ಮತ್ತೆ ಟಕಟಕ ಶುರುವಾಯಿತು. ಪಿಟೀಲು ಅಳುತ್ತ ಅಳುತ್ತ ತೆಳ್ಳಗಾಗಿ ಮುಗಿಯಿತು. ತಟ್ಟೆ ಕೂಡ ತಿರುಗುವುದನ್ನು ನಿಲ್ಲಿಸಿತು. ಹೆಜ್ಜೆ ಮಾತ್ರ ನಿಲ್ಲಲಿಲ್ಲ. ನಾಲ್ವರ ತಲೆಯೂ ಆಡುತ್ತಿತ್ತು, ಒಂದು ತಲೆ ಮಾತ್ರ ಭಯದಲ್ಲಿ.

"ನೋಡಿದ್ರಾ" ಅಂದರು ಮೇಷ್ಟ್ರು, ಕಣ್ಣಂಚು ಒರೆಸಿಕೊಳ್ಳುತ್ತ. "ಸಂಗೀತ ಮುಗಿದ್ಮೇಲೂ ಹೆಜ್ಜೆ ಮುಗಿಯಲ್ಲ. ಇದು ಯಾರಿಗೆ ಹೊಳೆಯುತ್ತೆ ಹೇಳಿ?"

ರೇಡಿಯೋದವನು ಹೆಡ್‌ಫೋನು ತೆಗೆದು ಕುತ್ತಿಗೆಗೆ ಇಳಿಸಿದ. "ಕ್ಷಮಿಸಿ, ಪಕ್ಕದ ಕೋಣೇಲಿ ಯಾರೋ ಹೊಲಿಗೆ ಮಿಷಿನ್ ಓಡಿಸ್ತಿದಾರೆ. ಆಗ್ಲಿಂದ ರೆಕಾರ್ಡಲ್ಲಿ ಬೀಳ್ತಿದೆ. ಒಂಚೂರು ನಿಲ್ಲಿಸೋಕೆ ಹೇಳ್ತೀರಾ?"

ಟಕಟಕ ನಡೆದೇ ಇತ್ತು. ಮೇಷ್ಟ್ರು ಎದ್ದು ಪರದೆ ಎಳೆದರು. ಹಸಿರು ರಾಶಿಯ ನಡುವಿನಿಂದ ಅವಳು ಹಲ್ಲಿನಲ್ಲಿ ದಾರ ಕಚ್ಚಿ ತುಂಡರಿಸುತ್ತ ನೋಡಿದಳು.

"ಏನ್ ಮೇಷ್ಟ್ರೇ, ಚೆನ್ನಾಗಿತ್ತಾ?"

ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು. ಮಿಷಿನ್ನು ನೋಡಿದರು, ಸ್ಪೀಕರ್ ನೋಡಿದರು. ಬಲಗಾಲು ಎರಡು ಸಲ ನೆಲ ತುಳಿಯಿತು. ಕನ್ನಡಕದವನು ಸುಮ್ಮನಿರದೆ ತಟ್ಟೆಯನ್ನು ಮತ್ತೆ ಹಾಕಿದ. ಪಿಟೀಲು ಒಂಟಿಯಾಗಿ ಎದ್ದಿತು. ಕೆಳಗೆ ಏನೂ ಇಲ್ಲ.

ಮೇಷ್ಟ್ರು ದೊಡ್ಡ ಬುದ್ಧಿವಂತರು, ಒಂದೇ ಉಸಿರಲ್ಲಿ ದಾರಿ ಹುಡುಕಿಕೊಂಡರು. "ಇರಲಿ. ಮೂಲದಲ್ಲಿ ಹೆಜ್ಜೆ ಇಲ್ಲದಿದ್ರೆ ಮೂಲವೇ ತಪ್ಪು. ಆಮೇಲೆ ಯಾರೋ ಅಳಿಸಿದಾರೆ. ನಿಮ್ಮ ಟೇಪೇ ಸರಿ ಆಪರೇಟ್ರೇ. ಇವತ್ತು ನಿಮ್ಮ ಹೆಂಡತಿ ನಡುವೆ ಗಲಾಟೆ ಮಾಡಿದ್ಲು, ಅಷ್ಟೇ. ಅದೇ ಬೇರೆ, ಟೇಪೇ ಬೇರೆ. ಅಲ್ವಾ?" ಅಂತ ಮೈಕನ್ನು ಅವನ ಮುಂದೆ ತಳ್ಳಿದರು. "ಹೌದು ಅನ್ನಿ, ಸಾಕು."

ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಹೌದು ಅನ್ನುವ ಎರಡಕ್ಷರ ಬಾಯಿಂದ ಬಿದ್ದರೆ ಸಾಕು. ಟೇಪು ಉಳಿಯುತ್ತದೆ, ಶ್ರೀಯುತ ಉಳಿಯುತ್ತಾನೆ, ಏಳೂ ಮಹಡಿಯವರು ಅವನ ಹೆಸರು ಕೇಳುತ್ತಾರೆ. ಗಲಾಟೆ ಮಾಡಿದವಳು ಅನ್ನುವುದೊಂದು ಅವಳ ತಲೆಯ ಮೇಲೆ ಬೀಳುತ್ತದೆ, ಹತ್ತೊಂಬತ್ತು ವರ್ಷದ್ದರ ಜೊತೆ ಇನ್ನೊಂದು. ಅವನು ಅವಳ ಕಡೆ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಸುಲಭದಲ್ಲಿ ಪೋಣಿಸುವವಳ ಕೈ ಸೂಜಿಯ ಕಣ್ಣಿನ ಹತ್ತಿರ ಹೋಗಿ ಹೋಗಿ ತಪ್ಪುತ್ತಿತ್ತು.

"ಟೇಪಲ್ಲಿರೋದೂ ಅವಳೇ" ಅಂದ ಆಪರೇಟರು. "ಟಾಕೀಸಿನ ಸೀಟಿಗೆ ಕವರು ಹೊಲೀತಿದ್ಲು. ಆ ನಿಲ್ಲೋದು ಬಾಬಿನ್ ಬದಲಾಯಿಸಿದ್ದು. ನಿನ್ನೆ ಕದ್ದು ಕೇಳಿದೆ, ಆಗ ಗೊತ್ತಾಯ್ತು. ಇವತ್ತು ಹೊಲಿ ಅಂದೋನೂ ನಾನೇ."

"ಕದ್ದು ಕೇಳಿದ್ರಾ!" ಅಂದ ಅಂಚೆಯವನು. ಅಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅವನಿಗೆ ನೋವಾದದ್ದು ಲಕೋಟೆಯ ವಿಷಯಕ್ಕೆ.

ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಹತ್ತೊಂಬತ್ತು ವರ್ಷ! ಒಂದು ಬಾಬಿನ್ನಿಗೆ ಅತ್ತಿದ್ದೀನಲ್ರೀ ನಾನು! ನನಗೆ ಮೊದಲೇ ಅನುಮಾನ ಇತ್ತು!" ಅಂದರು. ಒಂದೇ ಉಸಿರಿನಲ್ಲಿ ಎರಡೂ ಹೇಗೆ ಸಾಧ್ಯ ಅಂತ ಯಾರೂ ಕೇಳಲಿಲ್ಲ. ಕೂಟ ಇನ್ನು ಮುಂದೆ ಕನ್ನಡಕದ ಅಂಗಡಿಯಲ್ಲಿ ಅಂತ ಸಾರಿ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೊರಟೇಬಿಟ್ಟರು. ಉಳಿದಿಬ್ಬರೂ ಹಿಂದೆ.

ರೇಡಿಯೋದವನು ವೈರು ಸುತ್ತಲಿಲ್ಲ. ಮೈಕನ್ನು ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋದ. "ಅಕ್ಕಾ, ಒಂದು ನಿಮಿಷ ತುಳೀತೀರಾ? ಅದೇ ಬಾಬಿನ್ ಬದಲಾಯಿಸೋದು ಸಮೇತ."

"ಒಂದು ನಿಮಿಷ ಏನು ಬಂತಪ್ಪಾ" ಅಂದಳು. "ಇನ್ನೂ ಇಪ್ಪತ್ತೆರಡು ಪರದೆ ಇದೆ. ಕೂತ್ಕೊಂಡು ಕೇಳು."

ಎರಡು ವಾರದ ಮೇಲೆ ರೇಡಿಯೋದಲ್ಲಿ ಬಂತು. ಪಿಟೀಲು ಬಂತು, ಮಿಷಿನ್ನು ಬಂತು, ಅವಳ ಪೂರ್ತಿ ಹೆಸರು ಬಂತು. ಮೇಷ್ಟ್ರ ಕೋರಸ್ಸೂ ಬಂತು. ಆಪರೇಟರ ವಿಷಯ ಬಂದಾಗ, "ಮುದ್ರಿಸಿಕೊಂಡವರು ಹೊಲಿಗೆಯವರ ಯಜಮಾನರು" ಅಂದರು. ಮರುದಿನ ಲಿಫ್ಟಿಗೆ ಬಂದ ಐದನೇ ಮಹಡಿಯ ಗುಮಾಸ್ತೆ ಅವನ ಮುಖವನ್ನು ನೆಟ್ಟಗೆ ನೋಡಿದಳು. "ಯಜಮಾನ್ರು ಲಿಫ್ಟ್ ಓಡಿಸ್ತಾರೆ ಅಂತ ರೇಡಿಯೋದಲ್ಲಿ ಅಂದೋರು ನಿಮ್ಮ ಹೆಂಡತೀನಾ? ಎಷ್ಟು ಚೆನ್ನಾಗಿ ಮಾತಾಡ್ತಾರೆ!" ಅಂದಳು. ಆಮೇಲೆ, "ಐದು" ಅಂದಳು.

ಕನ್ನಡಕದ ಅಂಗಡಿಯ ಕೂಟ ಮೂರು ವಾರ ನಡೆಯಿತು. ನಾಲ್ಕನೇ ಭಾನುವಾರ ಹತ್ತಕ್ಕೆ ಆಪರೇಟರನ ಬಾಗಿಲು ಬಡಿದ ಸದ್ದಾಯಿತು. ಮೂವರೂ ನಿಂತಿದ್ದರು, ಮೇಷ್ಟ್ರು ಎಲ್ಲರಿಗಿಂತ ಹಿಂದೆ.

"ಆ ಮೂಲ ಸಪ್ಪೆ ಆಪರೇಟ್ರೇ" ಅಂದ ಕನ್ನಡಕದವನು. "ಎಷ್ಟು ಸಲ ಹಾಕಿದ್ರೂ ಏನೋ ಬಿಟ್ಟುಹೋಗಿದೆ ಅನ್ಸುತ್ತೆ."

"ಅತ್ತಿಗೆ ಒಂದೈದು ನಿಮಿಷ ಮಿಷಿನ್ ತುಳಿದ್ರೆ…" ಅಂದ ಅಂಚೆಯವನು. "ಮೂಲ ಹಾಕಿ, ಜೊತೇಲಿ ಅದು. ಮೇಷ್ಟ್ರೇ ಹೇಳಿದ್ದು."

"ನಾನೆಲ್ಲಿ ಹೇಳ್ದೆ?" ಅಂದರು ಮೇಷ್ಟ್ರು.

ಹೆಂಡತಿ ಮುಂದಿನ ಕೋಣೆಯಲ್ಲೇ ಇದ್ದಳು. ಮೇಷ್ಟ್ರು ಕೂರುತ್ತಿದ್ದ ಕೈಯುಳ್ಳ ಕುರ್ಚಿಯಲ್ಲಿ, ಸ್ಟೂಲಿನ ಮೇಲೆ ಕಾಲು ನೀಡಿಕೊಂಡು.

"ಇವತ್ತು ಭಾನುವಾರ ಅಲ್ವಾ?" ಅಂದಳು. "ಮಿಷಿನ್ ಬಂದ್. ನೀವೇ ಕಲಿಸಿದ್ದು."

"ಅಮ್ಮಾ, ದೊಡ್ಡ ಮನಸ್ಸು ಮಾಡ್ಬೇಕು" ಅಂದರು ಮೇಷ್ಟ್ರು, ಕೊನೆಗೂ ಮುಂದೆ ಬಂದು.

"ಅಷ್ಟು ಬೇಕಾದ್ರೆ ಇವರು ತುಳೀತಾರೆ. ನಾನು ಕೇಳ್ತೀನಿ."

ಆಪರೇಟರು ಎದ್ದು ಮಿಷಿನ್ನಿನ ಮುಂದೆ ಕೂತ. ತಟ್ಟೆ ತಿರುಗಿತು, ಪಿಟೀಲು ಎದ್ದಿತು. ಅವನು ತುಳಿದ. ಚಕ್ರ ಹಿಂದಕ್ಕೆ ಓಡಿತು. ಕೈ ಹಾಕಿ ಹಿಡಿದ, ಮತ್ತೆ ತುಳಿದ, ಟಕ, ಟಕಟ, ಟ. ಬೆವರೊಡೆಯಿತು. ಮೂವತ್ತು ವರ್ಷ ಬೇರೆಯವರ ಕಾಲು ತಿದ್ದಿದ ಮೇಷ್ಟ್ರು, "ಒಂದೇ ಸಮ ಒತ್ತಿ! ಹೀಲು ಮೊದಲು, ಆಮೇಲೆ ತುದಿ!" ಅಂತ ನೆಲ ಒದೆಯುತ್ತ ಕಿರುಚಿದರು. ಕನ್ನಡಕದವನು ಅಭ್ಯಾಸಬಲದಿಂದ "ಇದಾ, ಇದಾ?" ಅಂದ.

ಅವಳು ಕಣ್ಣು ಮುಚ್ಚಲಿಲ್ಲ. ಚಹಾ ಕುಡಿಯುತ್ತ ಪೂರ್ತಿ ಕೇಳಿದಳು. ಅದು ಮುಗಿದ ಮೇಲೆ ನಾಲ್ಕು ಗಂಡಸರೂ ಅವಳ ಮುಖ ನೋಡಿದರು, ಪರೀಕ್ಷೆ ಬರೆದವರ ಹಾಗೆ.

"ಮಿಷಿನ್ ಕೆಟ್ಟದಾಗಿತ್ತು" ಅಂದಳು. "ಪಿಟೀಲು ಪರವಾಗಿಲ್ಲ, ಆದ್ರೆ ತುಂಬ ಎಳೀತಾನೆ. ಮನೆಗೆ ಬೀಗ ಹಾಕಿದೆ ಅಂತ ಹೀರೋಗೆ ಗೊತ್ತಾಯ್ತಲ್ಲ? ಅಲ್ಲಿಗೆ ಗಂಟು ಹಾಕಿ ಕತ್ತರಿಸ್ಬೇಕು." ಲೋಟ ಆಪರೇಟರ ಕಡೆ ಚಾಚಿದಳು. "ಇನ್ನರ್ಧ ಲೋಟ ತನ್ನಿ. ಆಮೇಲೆ ಇನ್ನೊಂದ್ಸಲ ಹಾಕಿ ನೋಡೋಣ."